ನೆನಪಿನ ಕಚೇರಿಯ ಗುಮಾಸ್ತರು
ಸತ್ತವರ ನೆನಪುಗಳನ್ನು ಯಂತ್ರದಲ್ಲಿ ಕಾಪಿಟ್ಟು ಮನೆಯವರಿಗೆ ತೋರಿಸುವ ಕಚೇರಿಯ ಗುಮಾಸ್ತರು ಭಾರೀ ಖಡಕ್ಕು. ಸತ್ತವರು ಬದುಕಿದ್ದಾಗಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರದಿದ್ದರೆ, ನೀವು ಕಿಟಕಿಯ ಮುಂದೆ ತಲೆಕೆಳಗಾಗಿ ನಿಂತರೂ ಅರೆನಿಮಿಷದ ನೆನಪೂ ಸಿಗದು. "ನಮ್ಮಮ್ಮ ನಗೋದನ್ನ ನೋಡೋಕೂ ಸಹಿ ಬೇಕಾ ಸಾರ್?" ಎಂದರೆ, "ಯಾರನ್ನ ನೆನೆಸಿಕೊಂಡು ನಕ್ಕಿದ್ರೋ, ಅವರದೂ ಒಂದು ಗುಟ್ಟು ಇರುತ್ತಲ್ಲಮ್ಮ" ಎನ್ನುತ್ತಾರೆ. ಒಪ್ಪಿಗೆ ಇದ್ದವರಿಗೆ ಯಂತ್ರ ಹಾಕಿಕೊಟ್ಟು, ತಾವು ಕಿವಿಗೆ ಹತ್ತಿ ತುರುಕಿಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಶನಿವಾರ ಎಲ್ಲರೂ ಹೋದ ಮೇಲೆ ಮಾತ್ರ ಹೊರಗೆ ಬಂದು, ಅರ್ಜಿಯೊಂದನ್ನು ಕಿಟಕಿಯೊಳಗೆ ತೂರಿಸಿ, ಒಳಗೆ ಹೋಗಿ ತಾವೇ ಓದುತ್ತಾರೆ. ಕೇಳಿರುವುದು ತೀರಿಕೊಂಡ ತಮ್ಮ ಹೆಂಡತಿಯ ನೆನಪು. ಆಕೆ ಸಹಿ ಹಾಕಿಲ್ಲ. ‘ತಿರಸ್ಕೃತ’ ಎಂದು ಮೊಹರು ಒತ್ತಿ, ಬೇರೆ ಯಾರಿಗೂ ಹೇಳದ ಮಾತನ್ನು ಖಾಲಿ ಕಿಟಕಿಗೆ ಹೇಳುತ್ತಾರೆ: "ಮುಂದಿನ ವಾರ ಬಂದು ನೋಡಿ ಸಾರ್."