ಗುಲಾಬಕ್ಕನ ಉತ್ತರದ ಕಡಲು

ಆಗಸ್ಟ್ ತಿಂಗಳ ಬಹರೈನ್‌ನಲ್ಲಿ ಉಣ್ಣೆಯ ಸ್ವೆಟರ್ ಹೆಣೆಯುತ್ತ ಕೂತವರನ್ನು ನಾನು ಕಂಡದ್ದು ಒಬ್ಬರನ್ನೇ. ಹೊರಗೆ ಬಾಬ್ ಅಲ್ ಬಹರೈನ್ ಹೆಬ್ಬಾಗಿಲಿನ ಎದುರಿನ ರಸ್ತೆಯಲ್ಲಿ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಒಳಗೆ ನಮ್ಮ ಟ್ರಾವೆಲ್ ಆಫೀಸಿನ ಹಳೆಯ ಎ.ಸಿ. ಗೊರಗುಟ್ಟುತ್ತ ಬಕೆಟ್ಟಿಗೆ ನೀರು ತೊಟ್ಟಿಕ್ಕಿಸುತ್ತಿತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನ ಗುಲಾಬಕ್ಕ ಕಾಲ ಮೇಲೆ ಕಾಲು ಹಾಕಿಕೊಂಡು, ಮಡಿಲಲ್ಲಿ ನೀಲಿ ಉಣ್ಣೆಯ ಉಂಡೆ ಇಟ್ಟುಕೊಂಡು, ಕಡ್ಡಿಗಳನ್ನು ಆಡಿಸುತ್ತಿದ್ದರು. ನೋಡಿದವರಿಗೇ ಸೆಕೆಯಾಗುತ್ತಿತ್ತು.

ನಾನು ಮದುವೆಯಾಗಿ ಗಂಡನ ಹಿಂದೆ ಬಹರೈನ್‌ಗೆ ಹೋದದ್ದು ಎಂಬತ್ತರ ದಶಕದ ಆರಂಭದಲ್ಲಿ. ಟೈಪಿಂಗ್ ಬರುತ್ತದೆಂದು ಆ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಟಿಕೆಟ್ ಬರೆಯುವುದನ್ನು ನನಗೆ ಕಲಿಸಿದವರು ಗುಲಾಬಕ್ಕ. ಮಲ್ಪೆಯ ಕಡೆಯ, ಕಡಲಲ್ಲಿ ಮೀನು ಹಿಡಿಯುವ ಮೊಗವೀರರ ಹೆಣ್ಣು, ಮನೆಮಾತು ತುಳು. ಅಂಕೋಲೆಯ ನನಗೆ ತುಳು ಬಾರದ್ದರಿಂದ ನನ್ನೊಡನೆ ಕನ್ನಡ.

"ಟಿಕೆಟ್ ಬರೆಯುದು ಎಂತ ದೊಡ್ಡ ವಿಷಯ ಅಲ್ಲ ಮಾರಾಯ್ತಿ. ಹೋದವರು ವಾಪಾಸು ಬಂದು ಮುಖ ತೋರಿಸ್ಬೇಕು, ಅದು ದೊಡ್ಡದು."

ಇದು ಬಾಯಿಮಾತಲ್ಲ. ರಜೆಗೆ ಊರಿಗೆ ಹೊರಟ ಪ್ರತಿಯೊಬ್ಬರಿಗೂ ಟಿಕೆಟ್ ಕೈಗಿಡುವಾಗ, "ಬಂದ ಮೇಲೆ ಒಮ್ಮೆ ಇಲ್ಲಿ ಬಂದು ಹೋಗ್ಬೇಕು" ಎಂದು ಮಾತು ತೆಗೆದುಕೊಳ್ಳುತ್ತಿದ್ದರು. ಡ್ರೈವರ್‌ಗಳು, ಎಲೆಕ್ಟ್ರಿಷಿಯನ್‌ಗಳು, ಕೋಲ್ಡ್ ಸ್ಟೋರಿನಲ್ಲಿ ಹಾಲು-ಬ್ರೆಡ್ಡು ಮಾರುವ ಬ್ಯಾರಿ ಹುಡುಗರು, ಎಲ್ಲರೂ ಬಂದ ವಾರದಲ್ಲೇ ಹಲಸಿನ ಹಪ್ಪಳವೋ ಉಪ್ಪಿನಕಾಯಿಯೋ ಹಿಡಿದು ಹಾಜರಾಗುತ್ತಿದ್ದರು. ಬಾರದೇ ಹೋದವರ ಕಂಪನಿಗೆ ಗುಲಾಬಕ್ಕ ತಾವೇ ಫೋನ್ ಮಾಡುತ್ತಿದ್ದರು. "ಅಬ್ಬಾಸ್ ಬಂದಿದ್ದಾನಾ? ಬಂದಿದ್ದಾನಲ್ಲ? ಸರಿ, ಇಷ್ಟೇ ಕೇಳ್ಲಿಕ್ಕೆ." ಅಷ್ಟು ಹೇಳಿ ಇಟ್ಟುಬಿಡುವರು.

ಕಾರಣ ಅವರ ಮೇಜಿನ ಗಾಜಿನಡಿ ಇತ್ತು. ವಿಮಾನ ಕಂಪನಿಗಳ ಕ್ಯಾಲೆಂಡರುಗಳ ನಡುವೆ ಹಳದಿಗಟ್ಟಿದ ಒಂದು ತಂತಿ ಸಂದೇಶ. ಗಿರಾಕಿಗಳು ಅದನ್ನು ಯಾವುದೋ ಆಫೀಸಿನ ಕಾಗದವೆಂದುಕೊಳ್ಳುತ್ತಿದ್ದರು. ಅವರ ಗಂಡ ಜಯಕರಣ್ಣ ಪರದೇಶದ ಸರಕು ಹಡಗಿನಲ್ಲಿ ಇಂಜಿನ್ ಫಿಟ್ಟರ್. ನಾನು ಸೇರುವ ಐದಾರು ವರ್ಷ ಮುಂಚೆ, ನಾರ್ವೆಗೂ ಉತ್ತರದ ಹಿಮದ ದ್ವೀಪವೊಂದರಿಂದ ಕಲ್ಲಿದ್ದಲು ತುಂಬಿಕೊಂಡು ಬರುವಾಗ ಆ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಯಾರೂ ಉಳಿಯಲಿಲ್ಲ, ಹೆಣವೂ ಸಿಗಲಿಲ್ಲ. ಗುಲಾಬಕ್ಕ ಆಗಲೇ ಕೆಲಸಕ್ಕಿದ್ದ ಈ ಆಫೀಸಿಗೇ ಹಡಗಿನ ಕಂಪನಿ ತಂತಿ ಕಳಿಸಿತ್ತು. ಅದರಲ್ಲಿ ಸಂತಾಪದ ಒಂದು ಸಾಲು. ಕೆಳಗೆ ಹಡಗು ಕೊನೆಯ ಬಾರಿ ರೇಡಿಯೋದಲ್ಲಿ ಮಾತಾಡಿದ ಜಾಗದ ಅಕ್ಷಾಂಶ, ರೇಖಾಂಶ.

"ಊರಲ್ಲಿ ಯಾರಾದ್ರೂ ಸತ್ರೆ ಸುಟ್ಟ ಜಾಗ ಅಂತ ಒಂದು ಇರ್ತದಲ್ಲ," ಎಂದಿದ್ದರು ಒಮ್ಮೆ. "ನನಗೆ ಈ ನಂಬರು."

ಸಾಯುವ ಮುಂಚೆ ಜಯಕರಣ್ಣ ಬರೆದ ಕಾಗದದಲ್ಲಿ, 'ನೀನು ಕೊಟ್ಟ ಸ್ವೆಟರು ಇಲ್ಲಿಯ ಚಳಿಗೆ ಸಾಲುವುದಿಲ್ಲ, ಇನ್ನೊಂದು ದಪ್ಪದ್ದು ಮಾಡು' ಎಂದಿತ್ತಂತೆ. ಅದು ಕಡ್ಡಿಯ ಮೇಲಿದ್ದಾಗಲೇ ತಂತಿ ಬಂತು. ಗುಲಾಬಕ್ಕ ಅದನ್ನು ಮುಗಿಸಿ ಟ್ರಂಕಿನಲ್ಲಿಟ್ಟರು. ಹೆಣೆಯುವುದು ಮಾತ್ರ ನಿಲ್ಲಲಿಲ್ಲ. ಲಂಡನ್ನಿಗೆ, ದೆಹಲಿಗೆ, ಚಳಿಯಿರುವ ಯಾವ ಊರಿಗೆ ಯಾರು ಹೊರಟರೂ ಟಿಕೆಟ್ಟಿನ ಜೊತೆ ಒಂದು ಸ್ವೆಟರ್. ಬೇಡವೆಂದರೆ ಬೈಗುಳ.

ಒಂದು ವರ್ಷ ಚಳಿಗಾಲದಲ್ಲಿ ನಮ್ಮ ಆಫೀಸಿಗೆ ಯುರೋಪಿನ ಒಂದು ಹಡಗು ಕಂಪನಿಯ ಪುಸ್ತಿಕೆ ಬಂತು. ಬೇಸಿಗೆಯಲ್ಲಿ ಉತ್ತರ ಧ್ರುವದ ಕಡೆ ಹನ್ನೆರಡು ದಿನದ ಯಾನ: ಬಿಳಿ ಕರಡಿ, ಕೋರೆಹಲ್ಲಿನ ವಾಲ್ರಸ್‌ಗಳು, ತಿಮಿಂಗಿಲ ಹಿಡಿಯುತ್ತಿದ್ದವರ ಹಳೆಯ ಗೋರಿಗಳು, ಧ್ರುವ ಹುಡುಕಿ ಹೊರಟವರ ಗುಡಿಸಲುಗಳು. ಎಣ್ಣೆ ಕಂಪನಿಯ ನಾಲ್ಕೈದು ಇಂಗ್ಲಿಷ್ ಸಂಸಾರಗಳು ನಮ್ಮಲ್ಲಿ ಬುಕ್ ಮಾಡಿದವು. ಆ ಖುಷಿಗೆ ಕಂಪನಿ ನಮ್ಮ ಆಫೀಸಿನವರೊಬ್ಬರಿಗೆ ಪುಕ್ಕಟೆ ಜಾಗ ಕೊಟ್ಟಿತು.

"ಬರಫ್ ದೇಖನೇ ಕೌನ್ ಜಾಯೇಗಾ?" ಎಂದು, ಹಿಮ ನೋಡಲು ಹೋಗುವವರು ಯಾರೆಂದು ನಗುತ್ತ ಕೇಳಿದರು ನಮ್ಮ ಬಹರೈನಿ ಮಾಲೀಕರು.

ಗುಲಾಬಕ್ಕ ಪುಸ್ತಿಕೆಯ ನಕಾಶೆಯನ್ನು ಗಾಜಿನ ಮೇಲೆ, ತಂತಿಯ ಪಕ್ಕಕ್ಕೆ ಬರುವಂತೆ ಹರಡಿಕೊಂಡಿದ್ದರು. ತಂತಿಯಲ್ಲಿದ್ದ ಅಕ್ಷಾಂಶ, ರೇಖಾಂಶಕ್ಕೆ ಅಡಿಕೋಲು ಇಟ್ಟು ಎರಡು ಗೆರೆ ಎಳೆದರು. ಗೆರೆಗಳು ಕೂಡಿದ ಜಾಗ ಈ ಯಾನದ ಹಡಗಿನ ದಾರಿಯ ಮೇಲೆಯೇ ಬಿತ್ತು. ನಾರ್ವೆ ಬಿಟ್ಟ ಮಾರನೆಯ ದಿನ ಹಾಯುವ ನೀರು.

"ಮೈ ಜಾತೀ ಹೂಂ, ಸರ್."

ನಾನು ಹೋಗುತ್ತೇನೆ ಎಂದ ಅವರ ದನಿ ಕೇಳಿ ಮಾಲೀಕರ ನಗು ನಿಂತಿತು.

ಹೊರಡುವ ವಾರ ಗುಫೂಲ್ ಬಡಾವಣೆಯ ಅವರ ಕೋಣೆಯಲ್ಲಿ ಪೆಟ್ಟಿಗೆ ತುಂಬಿಸಲು ನಾನೂ ಕೂತಿದ್ದೆ. ಎಲ್ಲಕ್ಕಿಂತ ಮೇಲೆ ಜಯಕರಣ್ಣನ ದಪ್ಪ ನೀಲಿ ಸ್ವೆಟರ್. ಆ ಜಾಗದಲ್ಲಿ ಅದನ್ನು ನೀರಿಗೆ ಬಿಡಬೇಕು, ಅಷ್ಟೇ ಅವರ ಯಾತ್ರೆ. ಕರಡಿಯ ಮಾತೆತ್ತಿದರೆ, "ಕಂಡ್ರೆ ಕಂಡೀತು" ಎನ್ನುತ್ತಿದ್ದರು ಅಷ್ಟೇ. ನನಗೆ ಮಾತ್ರ ಇಲ್ಲದ ಗಾಬರಿ. ಹಡಗಿನ ಓಲಾಟಕ್ಕೆ ಬರುವ ವಾಂತಿಗೆಂದು ಔಷಧಿ ಅಂಗಡಿಯಿಂದ ಒಂದು ಪಟ್ಟಿ ಮಾತ್ರೆ ತಂದಿದ್ದೆ.

"ಮೊಗವೀರರ ಮಗಳಿಗೆ ವಾಂತಿಯ ಮಾತ್ರೆಯಾ?" ಗುಲಾಬಕ್ಕ ಬಿದ್ದು ಬಿದ್ದು ನಕ್ಕರು. "ನನ್ನ ಅಪ್ಪ ಕೇಳಿದ್ರೆ ದೋಣಿಯಿಂದ ನೂಕ್ತಿದ್ರು ನಿನ್ನನ್ನು."

"ನನ್ನ ಆಣೆ, ಅಕ್ಕ. ತಗೊಂಡು ಹೋಗಿ. ಗಾಳಿ ಜೋರಾದರೆ ನುಂಗಿ."

ನನ್ನ ಆಣೆಗೆ ಅವರು ಅದನ್ನು ಕೈಚೀಲಕ್ಕೆ ಹಾಕಿಕೊಂಡರು.

ಮೂರು ವಾರ ಬಿಟ್ಟು ಬಂದ ಗುಲಾಬಕ್ಕನ ಮೂಗಿನ ತುದಿ ಸುಲಿದಿತ್ತು. ಎಲ್ಲರೂ ಸುತ್ತ ಕೂತು ಕೇಳಿದೆವು. ಮುಳುಗದ ಸೂರ್ಯ, ಸಂತೆಯಂತೆ ಗಲಾಟೆ ಮಾಡುವ ಹಕ್ಕಿಗಳ ಬಂಡೆ, ಮರಿಯನ್ನು ಹಿಂದಿಟ್ಟುಕೊಂಡು ಮಂಜುಗಡ್ಡೆಯ ಮೇಲೆ ನಿಂತು ಇವರನ್ನೇ ನೋಡಿದ ತಾಯಿ ಕರಡಿ. "ವಾಲ್ರಸ್ ಅಂದ್ರೆ ನಮ್ಮ ಮಾಲೀಕರು ಊಟ ಆದ ಮೇಲೆ ಮಲಗಿದ ಹಾಗೆ" ಎಂದು ಮೆಲ್ಲಗೆ ಹೇಳಿ ನಗಿಸಿದರು. ಹಡಗಿನಲ್ಲಿ ಒಬ್ಬ ಮೇಷ್ಟ್ರು ದಿನವೂ ಹಳೆಯ ಕತೆ ಹೇಳುತ್ತಿದ್ದನಂತೆ. ಬಲೂನಿನಲ್ಲಿ ಧ್ರುವಕ್ಕೆ ಹೊರಟ ಮೂವರು ಕಾಣೆಯಾಗಿ, ಮೂವತ್ತು ಚಿಲ್ಲರೆ ವರ್ಷದ ಮೇಲೆ ಒಂದು ದ್ವೀಪದಲ್ಲಿ ಅವರ ಮೂಳೆಗಳು, ಬರೆದಿಟ್ಟ ದಿನಚರಿ, ಕ್ಯಾಮೆರಾ ಎಲ್ಲ ಸಿಕ್ಕಿದ ಕತೆ.

"ಸಿಗುದುಂಟು ಮಾರಾಯ್ತಿ," ಎಂದರು. "ಮೂವತ್ತು ವರ್ಷ ಆದ್ರೂ ಸಿಗುದುಂಟು."

ನಾನು ಆ ಜಾಗದ ಬಗ್ಗೆ ಕೇಳಿದೆ.

"ಬಿಸಿಲಿತ್ತು. ನೀರು ನಮ್ಮ ಮಲ್ಪೆಯ ನೀರಿನ ಹಾಗೆಯೇ ಶಾಂತ. ಸ್ವೆಟರು ಬಿಟ್ಟೆ. ಸ್ವಲ್ಪ ದೂರ ತೇಲಿತು, ಆಮೇಲೆ ಹೋಯ್ತು." ನನ್ನ ಕೈ ಹಿಡಿದರು. "ನಿನ್ನ ಮಾತ್ರೆ ಬೇಕಾಗ್ಲೇ ಇಲ್ಲ."

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮನೆಗೆ ಹೋಗಿ ಪಾಯಸ ಮಾಡಿ ತಂದುಕೊಟ್ಟೆ. ಅವರು ಎರಡು ಚಮಚ ತಿಂದು ಇಟ್ಟರು.

ಅದೇ ಯಾನಕ್ಕೆ ಹೋಗಿದ್ದ ಹಾರ್ಟ್‌ಲಿ ಎಂಬ ಇಂಗ್ಲಿಷ್ ಹೆಂಗಸು ರಜೆ ಮುಗಿಸಿ ಅಕ್ಟೋಬರಿನಲ್ಲಿ ಆಫೀಸಿಗೆ ಬಂದರು. ಗುಲಾಬಕ್ಕ ಬ್ಯಾಂಕಿಗೆ ಹೋಗಿದ್ದರು. ಆಕೆ ನನ್ನೆದುರು ಕೂತು, "ಪಾಪ, ಹೇಗಿದ್ದಾಳೆ ಗುಲಾಬಿ?" ಎಂದು ಕೇಳಿದರು. ನಾನು ಚೆನ್ನಾಗಿದ್ದಾರೆ ಎಂದೆ.

"ಆ ದಿನ ನಾವು ಎಷ್ಟು ಬಾಗಿಲು ಬಡಿದೆವು ಗೊತ್ತೇ?" ಎಂದರು ಆಕೆ. "ಬೆಳಗಿನಿಂದ ಭಾರೀ ಅಲೆ. ನಾನೇ ಹಾಸಿಗೆ ಹಿಡಿದಿದ್ದೆ. ಆಕೆಗೂ ವಾಂತಿ. ಇಲ್ಲಿಂದ ಒಯ್ದ ಮಾತ್ರೆ ಒಂದು ನುಂಗಿ, ನಿಲ್ಲಲಿಲ್ಲವೆಂದು ಇನ್ನೊಂದು ನುಂಗಿದಳಂತೆ, ಅದರ ಮಂಪರಿಗೆ ನಿದ್ದೆ ಹೋಗಿಬಿಟ್ಟಳು. ಆ ಜಾಗ ಬಂದಾಗ ಎಬ್ಬಿಸಬೇಕೆಂದು ಹಡಗಿನ ಅಧಿಕಾರಿಗೆ ಮೊದಲೇ ಹೇಳಿಟ್ಟಿದ್ದಳು. ಅವನು ಬಂದು ಕರೆದ, ನಾನು ಹೋಗಿ ಭುಜ ಹಿಡಿದು ಅಲುಗಿಸಿದೆ. ಕಣ್ಣು ತೆರೆಯುವಳು, ಮುಚ್ಚುವಳು. ಎದ್ದಾಗ ಆ ಜಾಗ ಹಿಂದೆ ಬಿದ್ದು ಎಷ್ಟೋ ಹೊತ್ತಾಗಿತ್ತು. ಹಿಂದೆ ತಿರುಗಿಸಲು ಆಗುತ್ತದೆಯೇ ಎಂದು ಕಪ್ತಾನನನ್ನು ಕೇಳಿದಳು. ಅವನಾದರೂ ಏನು ಮಾಡಿಯಾನು, ಆ ಗಾಳಿಯಲ್ಲಿ?"

ಬರುವಾಗ ಎಲ್ಲರೂ ದ್ವೀಪದಿಂದ ವಿಮಾನದಲ್ಲಿ ಬಂದವರು. ಆ ನೀರು ಮತ್ತೆ ಸಿಗುವಂತಿರಲಿಲ್ಲ.

"ಮತ್ತೆ ಸ್ವೆಟರು?"

"ತಿಮಿಂಗಿಲ ಹಿಡಿಯುವವರ ಗೋರಿಗಳಿವೆಯಲ್ಲ, ಹೆಸರಿಲ್ಲದವು, ಬರಿಯ ಕಲ್ಲುಗುಪ್ಪೆ. ಅಂಥದೊಂದರ ಕಲ್ಲಿನ ಸಂದಿಗೆ ತುರುಕಿದಳು. ಅಲ್ಲಿ ಏನನ್ನೂ ಇಡಬಾರದು, ಮುಟ್ಟಬಾರದು. ನಮ್ಮ ಗೈಡ್ ಹೇಳಲು ಹೋದವನು ಆಕೆಯ ಮುಖ ನೋಡಿ ಆಚೆ ತಿರುಗಿಕೊಂಡ."

ಆಕೆ ಹೋದ ಮೇಲೆ ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಗುಲಾಬಕ್ಕ ಬ್ಯಾಂಕಿನಿಂದ ಬಂದು, "ಎಂತ, ಕಣ್ಣು ಕೆಂಪಾಗಿದೆ?" ಎಂದರು. ಧೂಳು ಎಂದೆ. ಅವರು ಸೆರಗಿನ ತುದಿಯನ್ನು ಬಾಯಿಯಲ್ಲಿ ಬೆಚ್ಚಗೆ ಮಾಡಿ ನನ್ನ ಕಣ್ಣಿಗೊತ್ತಿದರು. ಆಗ ಹೇಳಬೇಕಿತ್ತು. ಹೇಳಲಿಲ್ಲ. ಒಂದೂವರೆ ವರ್ಷ ಅವರೆದುರೇ ಕೂತು ಟಿಕೆಟ್ ಬರೆದೆ. ಅವರು ಕಡ್ಡಿ ಆಡಿಸುತ್ತಿದ್ದರೆ ಅತ್ತ ನೋಡಲಾಗುತ್ತಿರಲಿಲ್ಲ.

ಆಮೇಲೆ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಕೆಲಸ ಬಿಟ್ಟು ಬೊಂಬಾಯಿಯ ಅಣ್ಣನ ಮನೆಗೆ ಹೊರಟರು. ಹೋದ ಏಳನೆಯ ತಿಂಗಳಿಗೆ ತೀರಿಕೊಂಡರೆಂದು, ರಜೆಯಿಂದ ಬಂದು ಮುಖ ತೋರಿಸಲು ಆಫೀಸಿಗೆ ಬಂದ ಒಬ್ಬ ಡ್ರೈವರ್ ಹೇಳಿದ. ಹಾಗಾಗಿ ಮುಹರ್ರಕ್ ವಿಮಾನ ನಿಲ್ದಾಣದಲ್ಲಿ ನಾನು ಅವರನ್ನು ನೋಡಿದ್ದೇ ಕೊನೆಯ ಸಲ.

ಅಂದು ಬೆಳಿಗ್ಗೆ ನಾವಿಬ್ಬರೇ ಬೆಂಚಿನ ಮೇಲೆ ಕೂತಿದ್ದೆವು. ಚೆಕ್-ಇನ್ ಮುಗಿದಿತ್ತು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಆ ಮಾತ್ರೆಯ ವಿಷಯ ನನಗೆ ಗೊತ್ತು. ಹಾರ್ಟ್‌ಲಿ ಮೇಡಂ ಹೇಳಿದರು."

ಗುಲಾಬಕ್ಕ ಪಾಸ್‌ಪೋರ್ಟಿನ ಅಂಚನ್ನು ಸವರಿದರು.

"ಯಾವಾಗ ಹೇಳಿದ್ದು?"

"ಆ ವರ್ಷವೇ."

"ಅಯ್ಯೋ ದೇವರೇ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಕೊಂಡಿದ್ದಿಯಾ?"

"ನೀವ್ಯಾಕೆ ನನಗೆ ಸುಳ್ಳು ಹೇಳಿದಿರಿ?"

"ಮತ್ತೆಂತ ಹೇಳುದು? ಪಾಯಸ ಮಾಡಿ ತಂದವಳಿಗೆ?" ಎಂದು ನಗಲು ನೋಡಿದರು. ಆಮೇಲೆ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ಕೇಳು ಶಾರದಾ. ಮದುವೆ ಆಗಿ ಒಂಬತ್ತು ವರ್ಷ ನಮಗೆ. ವರ್ಷಕ್ಕೊಮ್ಮೆ ಅವರು ರಜೆಯಲ್ಲಿ ಬರುದು, ಎಣಿಸಿದ ಹಾಗೆ ಕೆಲವು ದಿನ. ಆ ದಿನಗಳಲ್ಲಿ ನಾನು ನಿದ್ದೆಯೇ ಮಾಡ್ತಿರ್ಲಿಲ್ಲ. ಮಲಗಿದ್ರೆ ಅಷ್ಟು ಹೊತ್ತು ಹೋಗ್ತದಲ್ಲ ಅಂತ. ಅವರು ಮಲಗುದು, ನಾನು ನೋಡ್ತಾ ಕೂತುಕೊಳ್ಳುದು. ಅಲ್ಲಿ ಆದ್ರೆ ಏಳು ಗಂಟೆ ಹೊತ್ತು ಮಲಗಿದೆ. ಅವರ ಹತ್ರ ಹೋಗಿ, ಮೊದಲ ಸಲ, ಹೊಟ್ಟೆ ತುಂಬ ನಿದ್ದೆ. ಹಾಗೆ ತಿಳ್ಕೊಂಡಿದ್ದೇನೆ ನಾನು. ನೀನೂ ಹಾಗೆಯೇ ತಿಳ್ಕೊ."

ನಾನು ಅಳುತ್ತ ತಲೆಯಾಡಿಸಿದೆ. ಬೊಂಬಾಯಿ ವಿಮಾನದ ಕರೆ ಬಂತು. ಅವರು ಎದ್ದು, ನನ್ನ ತಲೆ ಸವರಿ, ಕೈಚೀಲ ಹೆಗಲಿಗೇರಿಸಿ ಸಾಲಿನಲ್ಲಿ ನಿಂತರು. ಬಾಗಿಲ ಬಳಿ ಅವರ ಸರದಿ ಬಂದಾಗ ಹಿಂದಿನವರಿಗೆ ದಾರಿ ಬಿಟ್ಟು, ನಿಧಾನಕ್ಕೆ ಉಸಿರೆಳೆದುಕೊಳ್ಳುತ್ತ ನನ್ನ ತನಕ ವಾಪಸು ಬಂದರು. ಏನೋ ಮರೆತರೆಂದುಕೊಂಡೆ.

"ಆದ್ರೂ," ಎಂದರು, "ಆ ನೀರು ಒಂದು ಸಲ ನೋಡ್ಬೇಕಿತ್ತು ಮಾರಾಯ್ತಿ."

ಮತ್ತೆ ತಿರುಗಿ ಒಳಗೆ ಹೋದರು.