ಆಯಿ ಬಟ್ಟಿ ನೋಡುವುದನ್ನು ಬಿಟ್ಟಳು

ಪುಣೆಯಲ್ಲಿ ನನ್ನ ಪಕ್ಕದ ಕೋಣೆಯವರು ಇವತ್ತು ಕೂಸಿನ ಹೊಟ್ಟೆಗೆ ಔಡಲೆಣ್ಣೆ ತಿಕ್ಕುತ್ತಿದ್ದರು. ಆ ವಾಸನೆಗೆ ನಾನು ಮತ್ತೆ ಹುಡುಗನಾಗಿ ಹಳೇ ಹುಬ್ಬಳ್ಳಿಯ ಮನೆಯಲ್ಲಿ, ತಣ್ಣನೆಯ ಫರಸಿ ಕಲ್ಲಿನ ನೆಲದ ಮೇಲೆ ಮಲಗಿದ್ದೆ.

ಆಗ ಊಟವಾದರೆ ಸಾಕು, ಬಲಪಕ್ಕೆಯ ಕೆಳಗೆ ನೋವು ಏಳುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಓಣಿಯ ಮಕ್ಕಳಿಗೆಲ್ಲ ಬಟ್ಟಿ ನೋಡುವವಳು. ಬಟ್ಟಿ, ಅಂದರೆ ಹೊಕ್ಕುಳು, ಜಾಗ ಬಿಟ್ಟು ಸರಿದರೆ ಹೊಟ್ಟೆ ನೋಯುತ್ತದೆ ಎಂಬುದು ಅವಳ ನಂಬಿಕೆ. ಔಡಲೆಣ್ಣೆ ತಿಕ್ಕಿ, ಹೊಕ್ಕುಳ ಮೇಲೆ ಹಿಟ್ಟಿನ ದೀಪವಿಟ್ಟು ತಂಬಿಗೆ ಬೋರಲು ಹಾಕುತ್ತಿದ್ದಳು. ದೀಪ ಆರಿ, ತಂಬಿಗೆ ಚರ್ಮವನ್ನು ಎಳೆದು ಹಿಡಿಯುತ್ತಿತ್ತು.

“ಬಟ್ಟಿ ಸರದೈತಿ, ಮತ್ತೇನಿಲ್ಲ. ಮಂಗ್ಯಾನಂಗ ಜಿಗದಾಡ್ತಿ!”

ನೋವು ಹೋಗುತ್ತಿರಲಿಲ್ಲ. ಅವಳ ಬಿಸಿ ಕೈಗೆ ನಿದ್ದೆ ಮಾತ್ರ ಬರುತ್ತಿತ್ತು.

ಒಂದು ದಿನ ನನ್ನ ಕಣ್ಣುಗಳು ಹಳದಿಯಾದವು. ಅಪ್ಪ ಸತ್ತೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದ, ಆಯಿಯೂ ಜೊತೆಗೆ ಬಂದಳು. ಸ್ಕ್ಯಾನಿಂಗ್ ನೋಡಿದ ಡಾಕ್ಟರು ಪಿತ್ತಕೋಶದಲ್ಲಿ ಕಲ್ಲುಗಳಿವೆ ಎಂದರು.

“ಸಾಲಿಗೆ ಹೋಗೋ ಹುಡುಗಗ ಕಲ್ಲು ಹೆಂಗ ಆಗ್ತಾವ್ರಿ?” ಆಯಿ ಜಗಳಕ್ಕೇ ನಿಂತಳು.

“ಮಕ್ಕಳಿಗೂ ಆಗ್ತಾವ್ರಿ ಆಯಿ. ಇಷ್ಟು ದಿನ ಏನ್ ಮಾಡಿದ್ರಿ?”

ಆಯಿ ನನ್ನ ಅಂಗಿ ಕೆಳಗೆಳೆದು ಹೊಟ್ಟೆ ಮುಚ್ಚಿದಳು.

ಆಪರೇಷನ್ ಮಾಡಿ ಪಿತ್ತಕೋಶ ತೆಗೆದರು. ನೋವು ಹೋಯಿತು. ಆಮೇಲೆ ಯಾರಾದರೂ ಮಗುವನ್ನು ಎತ್ತಿಕೊಂಡು ಬಂದರೆ ಆಯಿ ಬಾಗಿಲಲ್ಲೇ, “ನನಗೇನೂ ತಿಳಿಯಂಗಿಲ್ರಿ, ದವಾಖಾನಿಗೆ ಹೋಗ್ರಿ” ಎನ್ನುತ್ತಿದ್ದಳು. ನನ್ನ ಹೊಟ್ಟೆಯನ್ನಂತೂ ಮತ್ತೆ ಮುಟ್ಟಲೇ ಇಲ್ಲ.

ಹೋದ ಸಲ ಊರಿಗೆ ಹೋದಾಗ, ಆ ಬಿಸಿ ಕೈ ಬೇಕೆನಿಸಿ, “ಆಯಿ, ಹೊಟ್ಟಿ ನೋಯಾಕತ್ತೈತಿ” ಎಂದು ಸುಳ್ಳು ಹೇಳಿದೆ. ಅವಳು ನನ್ನ ಹತ್ತಿರ ಬರಲಿಲ್ಲ. ಬರಿಗಾಲಲ್ಲೇ ಓಣಿಯ ತುದಿಗೆ ಹೋಗಿ ಆಟೋ ಕರೆದುಕೊಂಡು ಬಂದಳು. ನಾನೂ ಸುಮ್ಮನೆ ಹತ್ತಿ ಕೂತೆ.