ನೀರಿಲ್ಲದ ಕೆರೆಯ ಅಕ್ಷಾಂಶ

ಶ್ರೀನಿವಾಸಪುರದ ನಾಗಮಣಿಯವರ ಅಂಗಡಿ ಹಳಬರಿಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್, ಹೊಸಬರಿಗೆ ಇಂಟರ್‌ನೆಟ್ ಅಂಗಡಿ. ಮುಳಬಾಗಿಲಿನ ಲೆಕ್ಕಿಗರ ಮನೆತನದಲ್ಲಿ ಹುಟ್ಟಿದ ಅವರು ತೊಂಬತ್ತರ ದಶಕದಲ್ಲಿ ಟೈಪ್‌ರೈಟರುಗಳನ್ನಿಟ್ಟುಕೊಂಡು ಪಾಠ ಹೇಳಿದವರು. ಕಲಿಯುವವರು ಕಡಿಮೆಯಾದಾಗ ಯಂತ್ರಗಳನ್ನು ಮಾರಿ ಎರಡು ಕಂಪ್ಯೂಟರ್ ತಂದರು. ಆಗ ಅವರಿಗೆ ನಲವತ್ತು ದಾಟಿತ್ತು. ಕಲಿಸಲು ಯಾರೂ ಇರಲಿಲ್ಲ. ಒತ್ತಬಾರದ ಗುಂಡಿಗಳನ್ನು ಒತ್ತಿ, ಕೆಡಿಸಿ, ಸರಿಪಡಿಸಿ, ಕಲಿತರು. ಬಂದ ಗಿರಾಕಿಗೆ ‘ಗೊತ್ತಿಲ್ಲ’ ಎಂದು ಹೇಳಿ ಕಳುಹಿಸುವುದು ಅವರ ಜಾಯಮಾನದಲ್ಲಿರಲಿಲ್ಲ.

2008ರಲ್ಲಿ ಒಂದು ದಿನ ರಾಯಲ್ಪಾಡಿನ ಆಚೆಯ ಹಳ್ಳಿಯಿಂದ ಭಾರತಮ್ಮ ಎಂಬ ರೈತ ಹೆಂಗಸು ಬಂದರು. ಅವರ ಗಂಡ ಕೋದಂಡರಾಮಪ್ಪನವರಿಗೆ ಎರಡು ಮೂತ್ರಪಿಂಡಗಳೂ ಕೆಟ್ಟಿದ್ದವು. ವಾರಕ್ಕೆರಡು ಸಲ ಕೋಲಾರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಬಸ್ಸು ಬದಲಿಸಿ, ನಿಂತು, ನೂಕಾಡಿ, ವಾಪಸು ಬರುವಷ್ಟರಲ್ಲಿ ಅವರು ಬತ್ತಿ ಹೋಗುತ್ತಿದ್ದರು. ಒಂದು ಸೇವಾ ಸಂಸ್ಥೆ ಇಂಥವರನ್ನು ಮನೆಯಿಂದಲೇ ಕರೆದೊಯ್ಯಲು ವ್ಯಾನು ಬಿಟ್ಟಿತ್ತು. ಅದರ ಚಾಲಕ ಹೊರಗಿನವನು, ದಾರಿ ತೋರಿಸುವ ಯಂತ್ರವನ್ನು ನಂಬಿ ಬರುವವನು. ಆದ್ದರಿಂದ ಮನೆಯ ಅಕ್ಷಾಂಶ, ರೇಖಾಂಶಗಳನ್ನು ಇಮೇಲ್‌ನಲ್ಲಿ ಕಳುಹಿಸಬೇಕೆಂಬುದು ಸಂಸ್ಥೆಯ ನಿಯಮ.

“ಅದೇನೋ ಮನೆ ನಂಬರಂತೆ ಮೇಡಮ್ಮ. ಆಕಾಶದಿಂದ ನೋಡಿ ಹಾಕೋದಂತೆ. ನಿಮ್ಮ ಹತ್ರ ಸಿಗ್ತದಾ?”

“ಸಿಗ್ತದೆ, ಕೂತ್ಕೊಳ್ಳಿ,” ಎಂದರು ನಾಗಮಣಿ. ಅದುವರೆಗೆ ಅವರು ಅಂಥದ್ದನ್ನು ಒಮ್ಮೆಯೂ ಹುಡುಕಿರಲಿಲ್ಲ.

ನಕ್ಷೆಯ ತಾಣ ತೆರೆದು ವಿಳಾಸವನ್ನು ಬೆರಳಚ್ಚಿಸಿದರು. ಕೆಂಪು ಗುರುತೊಂದು ಬಂದು ಶ್ರೀನಿವಾಸಪುರದ ನಡುಮಧ್ಯೆ ನಿಂತಿತು.

“ಇದು ನಮ್ಮ ಅಂಗಡಿ ಹಿಂದಿನ ಬೀದಿ.”

“ಅಲ್ಲೇ ನಮ್ಮನೆ ಇದ್ದಿದ್ರೆ ಈ ಬಿಸಿಲಲ್ಲಿ ನಾನ್ಯಾಕೆ ಬರ್ತಿದ್ದೆ?”

ಹಳ್ಳಿಯ ಹೆಸರು ತಾಣಕ್ಕೆ ತಿಳಿದಿರಲಿಲ್ಲ. ತಿಳಿಯದಿದ್ದಾಗ ಅದು ತಾಲ್ಲೂಕು ಕೇಂದ್ರವನ್ನು ತೋರಿಸಿ ಸುಮ್ಮನಾಗುತ್ತಿತ್ತು. ನಾಗಮಣಿ ಉಪಗ್ರಹದ ಚಿತ್ರಕ್ಕೆ ಬದಲಿಸಿದರು. ಬೂದು ಚೌಕಗಳು ಒಂದೊಂದಾಗಿ ಬಣ್ಣ ಪಡೆಯುತ್ತಿದ್ದವು. ಮನೆಯ ಸುತ್ತ ಏನಿದೆ ಎಂದು ಕೇಳಿದರು.

“ಕೆರೆ ಕೆಳಗಡೆ ಮನೆ. ಪಕ್ಕದಲ್ಲಿ ಮಾವಿನ ತೋಪು. ಅಷ್ಟೇ. ಯಾರನ್ನ ಕೇಳಿದ್ರೂ ಕೆರೆ ಕೆಳಗಿನ ಕೋದಂಡಪ್ಪ ಅಂತಾರೆ.”

ರಾಯಲ್ಪಾಡಿನ ಆಚೆ ನಾಗಮಣಿಯವರಿಗೆ ನೀಲಿಯಾಗಿ ಹೊಳೆಯುವ ಒಂದೇ ಒಂದು ಜಾಗ ಸಿಕ್ಕಿತು. ಅದರ ಅಂಚಿನಲ್ಲಿ ಮರಗಳ ಚುಕ್ಕೆಗಳ ಸಾಲು, ಒಂದು ತಗಡಿನ ಮಾಡು. ಇನ್ನೇನು ಬೇಕು? ಗುರುತಿಟ್ಟು, ಬಂದ ಎರಡು ದಶಮಾಂಶ ಸಂಖ್ಯೆಗಳನ್ನು ಕಳುಹಿಸಿದರು. ಭಾರತಮ್ಮ ಪರದೆಯತ್ತ ಸರಿಯಾಗಿ ನೋಡಲೂ ಇಲ್ಲ. ಬಸ್ಸಿನ ಹೊತ್ತಾಗಿತ್ತು.

ಸೋಮವಾರ ವ್ಯಾನು ಬರಲಿಲ್ಲ. ಕೋದಂಡರಾಮಪ್ಪ ಬಿಳಿ ಅಂಗಿ ತೊಟ್ಟು ಜಗುಲಿಯಲ್ಲಿ ಕಾದರು. ಕೊನೆಗೆ ಬಸ್ಸು ಹಿಡಿದು ಹೋದಾಗ ಆಸ್ಪತ್ರೆಯಲ್ಲಿ ಅವರ ಸರದಿ ಮುಗಿದಿತ್ತು. ಮರುದಿನ ಮತ್ತೆ ಹೋಗಬೇಕಾಯಿತು. ಅಷ್ಟರಲ್ಲಿ ಕಾಲು ಊದಿ, ಮೇಲುಸಿರು ಬಂದಿತ್ತು.

ಬುಧವಾರ ಭಾರತಮ್ಮ ಅಂಗಡಿಯ ಬಾಗಿಲಲ್ಲೇ ನಿಂತರು.

“ಎಲ್ಲಿಗೆ ಕಳ್ಸಿದ್ರಿ ಮೇಡಮ್ಮ ಆ ಗಾಡೀನ? ಕಲ್ಲು ಕ್ವಾರಿ ಹೊಂಡದ ಹತ್ರ ಹೋಗಿ ನಿಂತಿತ್ತಂತೆ. ಅಲ್ಲಿ ನಾಯಿ ಸೈತ ಇರಲ್ಲ.”

“ಕೆರೆ ನೋಡೇ ಗುರುತು ಹಾಕಿದೆ. ನೀರು ಕಾಣಿಸ್ತಿತ್ತು.”

“ನೀರಾ?” ಭಾರತಮ್ಮ ನಕ್ಕರು. ಆ ನಗೆಯಲ್ಲಿ ಕರುಣೆಯಿರಲಿಲ್ಲ. “ನಮ್ಮ ಕೆರೇಲಿ ನೀರು ನೋಡಿ ಯಾವ ಕಾಲ ಆಯ್ತು! ಮೇಕೆ ಮೇಯ್ತವೆ, ಹುಡುಗರು ಕ್ರಿಕೆಟ್ ಆಡ್ತಾರೆ. ಕೆರೆ ಅಂದ್ರೆ ನೀರಿರಲೇಬೇಕಾ?”

ಆ ಪ್ರಶ್ನೆ ನಾಗಮಣಿಯವರಿಗೆ ಮೊದಲೇ ಹೊಳೆಯಬೇಕಿತ್ತು. ಮುಳಬಾಗಿಲಿನ ಅವರ ತೌರುಮನೆಯ ಹಿಂದಿನ ಕೆರೆಯಲ್ಲಿಯೂ ಜಾಲಿಯೇ ಬೆಳೆದಿತ್ತು. ಅದನ್ನು ಅವರೂ ಕೆರೆಯೆಂದೇ ಕರೆಯುತ್ತಿದ್ದರು.

“ತಪ್ಪು ನನ್ನದು,” ಎಂದರು. ಆ ಎರಡು ಶಬ್ದ ಅವರ ಬಾಯಿಂದ ಸುಲಭವಾಗಿ ಹೊರಟಿರಲಿಲ್ಲ.

“ತಪ್ಪು ಒಪ್ಕೊಂಡ್ರೆ ಗಾಡಿ ಬರ್ತದಾ? ನಾಳೆ ಇನ್ನೊಂದೇ ಸಲ ನೋಡ್ತಾರಂತೆ. ಸಿಗದಿದ್ರೆ ನಮ್ಮ ಜಾಗ ಬೇರೆಯೋರಿಗೆ.”

ಈ ಬಾರಿ ನಾಗಮಣಿ ಭಾರತಮ್ಮನವರನ್ನು ಪರದೆಯ ಮುಂದಿನ ಕುರ್ಚಿಯಲ್ಲಿ ಕೂರಿಸಿ ತಾವು ನಿಂತರು. ಮೇಲಿನಿಂದ ಕಂಡ ಊರು ಭಾರತಮ್ಮನವರಿಗೆ ಮೊದಮೊದಲು ಗುರುತು ಹತ್ತಲಿಲ್ಲ. ಆಗ ನಾಗಮಣಿ ರಾಯಲ್ಪಾಡಿನ ಬಸ್ ನಿಲ್ದಾಣದಿಂದ ಹೊರಟು, ಮೌಸಿನ ಬಾಣವನ್ನು ರಸ್ತೆಯ ಮೇಲೆ ಮೆಲ್ಲಗೆ ನಡೆಸುತ್ತ, “ಈಗ ಬಸ್ಸಿಳಿದಿರಿ, ಎತ್ತ ಹೋಗ್ತೀರಿ?” ಎಂದು ಕೇಳಿದರು.

“ನೇರಕ್ಕೆ. ಅಲ್ಲಿ ಎಡಕ್ಕೆ. ಅಯ್ಯೋ, ಅಷ್ಟು ಜೋರಾಗಿ ಹೋಗ್ಬೇಡಿ, ನಾನು ನಡೆಯೋದು! ಟಮಾಟ ಶೆಡ್ಡು... ಹ್ಞೂಂ, ಇದೇ. ಮುಂದೆ, ಮುಂದೆ.”

ಕರೆಂಟು ಹೋಯಿತು. ಯುಪಿಎಸ್ ಕೀಚಲು ದನಿಯಲ್ಲಿ ಕೂಗತೊಡಗಿತು. ಅದು ಎಷ್ಟು ಹೊತ್ತು ತಾಳುವುದೋ ಗೊತ್ತಿರಲಿಲ್ಲ. ನಾಗಮಣಿ ಬಾಣವನ್ನು ಇನ್ನೂ ಬೇಗ ಮುಂದೆ ನಡೆಸಿದರು. ಪರದೆಯ ಮೇಲೆ ಮಾಸಲು ಕಂದು ಬಯಲು, ಅದರ ತುಂಬ ಜಾಲಿಯ ಕಪ್ಪು ಮಚ್ಚೆಗಳು, ಒಂದು ಪಕ್ಕ ಬಿಲ್ಲಿನಂತೆ ಬಾಗಿದ ಗೆರೆ.

“ಏರಿ! ಕೆರೆ ಏರಿ!” ಭಾರತಮ್ಮ ಗಾಜಿಗೇ ಬೆರಳು ಒತ್ತಿದರು. “ಇದರ ಕೆಳಗೆ... ಇದು ಮಾವಿನ ತೋಪು, ಇದು ಹಿಪ್ಪುನೇರಳೆ ತೋಟ, ಇದು ದನದ ಕೊಟ್ಟಿಗೆ, ಇದು ನಮ್ಮನೆ.”

ನಾಗಮಣಿ ಗುರುತಿಟ್ಟರು, ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ, ಮತ್ತೆ ಓದಿ, ಕಳುಹಿಸಿದ ಮರುಕ್ಷಣ ಪರದೆ ಕಪ್ಪಾಯಿತು.

ಕಳುಹಿಸಿದರೂ ನೆಮ್ಮದಿಯಿರಲಿಲ್ಲ. ಗುರುವಾರ ಅಂಗಡಿಗೆ ಬೀಗ ಹಾಕಿ, ಮೊದಲ ಬಸ್ಸಿಗೆ ರಾಯಲ್ಪಾಡಿಗೆ ಹೋಗಿ, ಪರದೆಯ ಮೇಲೆ ಕಂಡ ದಾರಿಯಲ್ಲೇ ನಡೆದು ಆ ಮನೆ ತಲುಪಿದರು. ಕೋದಂಡರಾಮಪ್ಪ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು.

“ನೀವೇನಾ ಮೇಡಮ್ಮ? ಮಾ ಚೆರುವುಲೋ ನೀಳ್ಳು, ನಮ್ಮ ಕೆರೇಲಿ ನೀರು ತೋರಿಸಿದೋರು?” ಎಂದು ನಕ್ಕರು. “ಇನ್ನೊಂದು ಸಲ ನೋಡಿ, ಮೀನೂ ಇರಬಹುದು.”

ನಾಗಮಣಿಗೆ ನಗಲಾಗಲಿಲ್ಲ. ಬೇಲಿಯವರೆಗೆ ಹೋಗಿ ಬಂದರು. ಮತ್ತೆ ಹೋದರು. ದೂರದಲ್ಲಿ ಮೋಟಾರಿನ ಸದ್ದು ಕೇಳಿ ಎಲ್ಲರೂ ಎದ್ದರು. ಅದು ಹಾಲಿನ ಗಾಡಿ.

ಕೊನೆಗೆ ಏರಿಯ ಮೇಲೆ ಬಿಳಿ ವ್ಯಾನು ಕಾಣಿಸಿತು. ಕಾಣಿಸಿ, ಅಲ್ಲೇ ನಿಂತಿತು. ನಾಗಮಣಿ ಸೀರೆಯ ನೆರಿಗೆ ಎತ್ತಿ ಹಿಡಿದು ಏರಿ ಹತ್ತಿದರು.

“ಯಂತ್ರದಲ್ಲಿ ಮನೆ ತೋರಿಸ್ತಿಲ್ವೇನಪ್ಪ?”

“ಮನೆ ತೋರಿಸ್ತಿದೆ ಮೇಡಂ. ಇಳಿಯೋ ದಾರೀನೇ ತೋರಿಸ್ತಿಲ್ಲ,” ಎಂದ ಚಾಲಕ.

ಇದ್ದರೆ ತಾನೇ? ಕೆಳಗಿಳಿಯಲು ಎತ್ತಿನ ಗಾಡಿಯ ಜಾಡು ಒಂದೇ. ಅದರಲ್ಲಿ ವ್ಯಾನು ಇಳಿಯುವಂತಿರಲಿಲ್ಲ. ಚಾಲಕ ಗಡಿಯಾರ ನೋಡಿದ. ದಾರಿಯಲ್ಲಿ ಇನ್ನೊಬ್ಬ ರೋಗಿ ಕಾಯುತ್ತಿದ್ದರು. ನಾಗಮಣಿ ಮುಂದಿನ ಬಾಗಿಲು ತೆರೆದು ಹಾಗೆಯೇ ಹಿಡಿದು ನಿಂತರು. ಬಾಗಿಲು ತೆರೆದಿರುವಾಗ ಅವನು ಹೊರಡಲಾರ. ಕೆಳಗೆ ಭಾರತಮ್ಮ ಗಂಡನ ತೋಳನ್ನು ಹೆಗಲ ಮೇಲೆ ಹಾಕಿಕೊಂಡಿದ್ದರು. ಇಬ್ಬರೂ ಜಾಡಿನಲ್ಲಿ ಹತ್ತುತ್ತ, ನಿಲ್ಲುತ್ತ, ಮತ್ತೆ ಹತ್ತಿದರು.

“ಸೋಮವಾರದಿಂದ ನಾವೇ ಮುಂಚೆ ಮೇಲಕ್ಕೆ ಬಂದಿರ್ತೀವಿ,” ಎಂದರು ಭಾರತಮ್ಮ ಚಾಲಕನಿಗೆ, ಏದುಸಿರಿನಲ್ಲಿ. “ಇಳಿಯೋ ದಾರಿ ಇಲ್ಲ ಅಂತ ಗಾಡಿ ತಿರುಗಿಸ್ಕೊಂಡು ಹೋಗ್ಬಿಟ್ಟೀಯ ಕಣಪ್ಪ.”

ವ್ಯಾನು ಹೊರಟಿತು. ನಾಗಮಣಿ ಊಟಕ್ಕೂ ನಿಲ್ಲದೆ ಅಂಗಡಿಗೆ ಮರಳಿದರು. ನಕ್ಷೆ ತೆರೆದು, ಮನೆಯ ಮೇಲಿದ್ದ ಗುರುತನ್ನು ಎಳೆದು ಏರಿಯ ಮೇಲೆ, ಜಾಡು ಬಂದು ಸೇರುವಲ್ಲಿ ಇಟ್ಟರು. ಹೊಸ ಸಂಖ್ಯೆಗಳನ್ನು ಕಳುಹಿಸಿ, ತಲುಪಿತೆಂಬ ಉತ್ತರ ಬರುವವರೆಗೆ ಬೇರೆ ಗಿರಾಕಿಗೆ ಕಂಪ್ಯೂಟರ್ ಬಿಟ್ಟುಕೊಡಲಿಲ್ಲ.